ಕರಿ ಎಲೆಯ ಭತ್ತ

ಒಂದು ಸಲವಲ್ಲ, ಮೂರು ಸಲ ಹೇಳಿದ್ದಳು ರಾಜೇಶ್ವರಿ. ಮೂರು ಸಲವೂ ಊಟದ ಹೊತ್ತಿನಲ್ಲೇ, ಗಂಡನೂ ಮಗನೂ ತಾಟಿನ ಮುಂದೆ ಕೂತಿದ್ದಾಗ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಯ ಹಿಟ್ಟು ಒರೆಸಿಕೊಂಡು ಬಂದು ಎದುರಿಗೆ ನಿಂತು ಹೇಳಿದ್ದಳು. ಆಮೇಲೆ ಯಾರೂ ನಮಗೆ ಗೊತ್ತಿರಲಿಲ್ಲ ಅನ್ನಬಾರದು ಎಂದೇ ಹಾಗೆ ಹೇಳಿದ್ದು. ಆದರೂ ಅಂದರು ನೋಡಿ. ಅದೂ ಅವಳ ಮುಖಕ್ಕೇ ಅಂದರು.

ಗಂಡ ವಿಜಯೇಂದ್ರ ನಾಗಪುರದ ಆಯುಧ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ಫೋರ್‌ಮನ್ ಆಗಿ ನಿವೃತ್ತನಾದವನು. ಮಾನೇವಾಡಾ ಬಡಾವಣೆಯಲ್ಲಿ ಸ್ವಂತ ಮನೆ. ನಿವೃತ್ತಿಯಾದ ಮೇಲೆ ಎರಡು ವರ್ಷ ಆ ಮನೆಯಲ್ಲೇ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕಿದ. ಕುಕ್ಕರ್ ಯಾಕೆ ಇಷ್ಟು ಸಲ ಕೂಗಿತು, ಬಟ್ಟೆ ಯಾಕೆ ಉಲ್ಟಾ ಒಣಗಿಸಿದಿರಿ, ಎಲ್ಲಕ್ಕೂ ಒಂದು ತಪಾಸಣೆ. ಕೊನೆಗೆ ಉಮರೇಡ್ ದಾಟಿ ಭಿವಾಪುರದ ಕಡೆ ಎರಡೂವರೆ ಎಕರೆ ಭತ್ತದ ಗದ್ದೆಯನ್ನು ಐದು ವರ್ಷಕ್ಕೆ ಗುತ್ತಿಗೆ ಹಿಡಿದಾಗ ಮನೆಯ ಹೆಂಗಸರು ಒಳಗೊಳಗೇ ಸಮಾಧಾನದ ನಿಟ್ಟುಸಿರು ಬಿಟ್ಟರು. ಅಲ್ಲಿ ಕಾಲುವೆ ಇಲ್ಲ, ಬೋರು ಇಲ್ಲ. ತಗ್ಗಿನ ಕರಿ ಮಣ್ಣು, ಸುತ್ತ ಬದು, ಬಿದ್ದ ಮಳೆ ನಿಂತರೆ ಬೆಳೆ. ಹಳೆಯ ಸಹೋದ್ಯೋಗಿಯೊಬ್ಬ ತೀರಾ ಅಗ್ಗಕ್ಕೆ ಕೊಟ್ಟನೆಂದು ವಿಜಯೇಂದ್ರ ಹಿಗ್ಗಿದ. ಅಗ್ಗಕ್ಕೆ ಯಾಕೆ ಕೊಟ್ಟ ಎಂದು ಕೇಳಿದವಳು ರಾಜೇಶ್ವರಿ ಒಬ್ಬಳೇ.

ಮೊದಲ ವರ್ಷವೇ ಉತ್ತರ ಸಿಕ್ಕಿತು. ಗದ್ದೆಯ ತುಂಬ ಕಾಡುಭತ್ತ. ಇದು ಉಳಿದ ಕಳೆಯ ಹಾಗಲ್ಲ. ಎಳೆಯದಿದ್ದಾಗ ಥೇಟ್ ಭತ್ತವೇ: ಅದೇ ಎಲೆ, ಅದೇ ಹಸಿರು, ಅದೇ ಎತ್ತರ. ಕೀಳುವವರ ಕಣ್ಣಿಗೆ ಮಣ್ಣೆರಚಿ ಬೆಳೆಯ ನಡುವೆಯೇ ನಿಂತು, ಹಾಕಿದ ಗೊಬ್ಬರವನ್ನೆಲ್ಲ ತಾನೇ ತಿಂದು, ತೆನೆ ಬಂದಾಗ ಉದ್ದ ಮೀಸೆ ಬಿಟ್ಟು ತನ್ನ ಬಣ್ಣ ತೋರಿಸುತ್ತದೆ. ಕುಡುಗೋಲು ಹಿಡಿದು ಹೋಗುವಷ್ಟರಲ್ಲಿ ಅದರ ಕಾಳೆಲ್ಲ ಉದುರಿ ಕೆಸರು ಸೇರಿರುತ್ತದೆ. ಮನೆಗೆ ಬರುವುದು ಹುಲ್ಲು, ಮಣ್ಣಲ್ಲಿ ಉಳಿಯುವುದು ಮುಂದಿನ ವರ್ಷಗಳ ಕಳೆ. ಐವತ್ತು ಚೀಲ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ ವಿಜಯೇಂದ್ರ ಹನ್ನೊಂದು ಚೀಲ ತಂದು ಮಳೆಯನ್ನು ಬೈದ.

ರಾಜೇಶ್ವರಿ ಹಾನಗಲ್ ಕಡೆಯ ಒಕ್ಕಲು ಮನೆಯವಳು. ಅಲ್ಲಿಯೂ ಮಳೆ ನಂಬಿದ ಭತ್ತವೇ. ಕಾಡುಭತ್ತ ಮಿತಿಮೀರಿದಾಗ ಅವಳ ಅವ್ವ ಒಂದು ಉಪಾಯ ಮಾಡುತ್ತಿದ್ದಳು. ಆ ವರ್ಷ ಮಾಮೂಲಿ ಬೀಜ ಬಿಟ್ಟು, ಬದನೆಕಾಯಿ ಬಣ್ಣದ ಎಲೆ ಬಿಡುವ ಹಳೇ ಭತ್ತ ಬಿತ್ತಿಸುತ್ತಿದ್ದಳು. ಅಕ್ಕಿ ದಪ್ಪ, ಇಳುವರಿ ಕಡಿಮೆ, ಇರಲಿ. ಬಿತ್ತಿದ್ದೆಲ್ಲ ಕಪ್ಪಗೆ ಏಳುತ್ತದೆ, ಮಣ್ಣಲ್ಲಿ ಅಡಗಿದ್ದ ಕಾಡುಭತ್ತ ಹಸಿರಾಗಿ ಏಳುತ್ತದೆ. ಕಣ್ಣಿದ್ದವರು ಯಾರು ಬೇಕಾದರೂ ಇಳಿದು ಹಸಿರನ್ನು ಕಿತ್ತು ಬಿಸಾಕಬಹುದು. ಎರಡು ಮಳೆಗಾಲ ಹೀಗೆ ಮಾಡಿದರೆ ಗದ್ದೆ ಚೊಕ್ಕಟವಾಗುತ್ತದೆ.

ಆ ಬೀಜ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತವರಿಗೆ ಹತ್ತು ಸಲ ಫೋನ್ ಮಾಡಿ, ನಾಲ್ಕು ಮನೆಯವರು ಬುಟ್ಟಿ ಬುಟ್ಟಿ ತೆಗೆದುಕೊಟ್ಟದ್ದನ್ನು ಅಣ್ಣ ಎರಡು ಚೀಲ ಮಾಡಿ ಲಾರಿಗೆ ಹಾಕಿ ಕಳಿಸಿದ. ಆ ಬೀಜಕ್ಕೆ ಬೆಲೆ ಕಟ್ಟುವ ಪದ್ಧತಿ ಅಲ್ಲಿ ಇಲ್ಲ. ಬೆಳೆದವರು ತಂದಷ್ಟನ್ನು ಬೆಳೆದೇ ವಾಪಸ್ಸು ಕೊಡಬೇಕು, ಅಷ್ಟೇ. ನಾಲ್ಕು ಮನೆಗಳಲ್ಲೂ ಮುಂದಕ್ಕೆ ಇರಲೆಂದು ಉಳಿಸಿಕೊಂಡದ್ದು ಮೊರದಷ್ಟು. ಸುಗ್ಗಿಯಾದ ಕೂಡಲೇ ಕಳಿಸುತ್ತೇನೆಂದು ರಾಜೇಶ್ವರಿ ನಾಲ್ಕೂ ಮನೆಯ ಹೆಂಗಸರಿಗೆ ಬಾಯಿ ಬಿಟ್ಟು ಮಾತು ಕೊಟ್ಟಿದ್ದಳು.

ಇಷ್ಟನ್ನೂ ಅವಳು ಊಟದ ಹೊತ್ತಿನಲ್ಲಿ ಬಿಡಿಸಿ ಹೇಳಿದ್ದಳು. ಬಿತ್ತುವ ಮೊದಲು ತಿಪ್ಪೆ ಗೊಬ್ಬರ, ಯೂರಿಯಾ ಮಾತ್ರ ಕಳೆ ಕಿತ್ತ ಮೇಲೆ. ಮೊದಲೇ ಹಾಕಿದರೆ ಕಳೆಗೆ ಬಡಿಸಿದ ಹಾಗೆ. ವಿಜಯೇಂದ್ರನ ಕಣ್ಣು ಪೇಪರಿನಲ್ಲಿತ್ತು. ಮಗ ನಂದೀಶ ಮಿಹಾನ್ ಕೈಗಾರಿಕಾ ವಲಯದ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಅವನ ಕಣ್ಣು ಮೊಬೈಲಿನಲ್ಲಿತ್ತು. ಸೊಸೆ ಸುಮೇಧಾ ಒಬ್ಬಳು ತುತ್ತು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು. ಮೈಸೂರಿನ ಹುಡುಗಿ, ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ.

“ಕರೇದು ನಮ್ಮ ಬೆಳಿ, ಹಸರು ಕಳಿ. ತಿಳೀತಿಲ್ಲೋ?” ಅಂದಳು ರಾಜೇಶ್ವರಿ.

“ತಿಳೀತು ಬಿಡು,” ಅಂದ ವಿಜಯೇಂದ್ರ. “ಪಲ್ಯ ಹಾಕು.”

ಜೂನ್ ಕೊನೆಗೆ ಮಳೆ ಹಿಡಿಯಿತು. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿಸಿದ್ದು ರಾಜೇಶ್ವರಿಯೇ. ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೇ ಡಬ್ಬಿ ಕಟ್ಟಿಕೊಂಡು ಉಮರೇಡ್ ಬಸ್ಸು ಹತ್ತುತ್ತಿದ್ದಳು. ಮೊಣಕಾಲಿಗೆ ನೋವಿನ ಎಣ್ಣೆ ಹಚ್ಚಿಕೊಂಡು ಬದುವಿನ ಬಿಲ ಮುಚ್ಚುತ್ತಿದ್ದಳು. ವಿಜಯೇಂದ್ರ ಭಾನುವಾರ ಕಾರಿನಲ್ಲಿ ಬಂದು, ಬದುವಿನ ಮೇಲೆ ಬೂಟು ಹಾಕಿಕೊಂಡು ನಿಂತು, ಫೋಟೋ ಹೊಡೆದು, ಕನ್ನಡ ಸಂಘದ ನಿವೃತ್ತರ ಗ್ರೂಪಿಗೆ ಹಾಕುತ್ತಿದ್ದ. ಫೋಟೋದ ಕೆಳಗೆ ‘ನನ್ನ ಗದ್ದೆ’ ಎಂದು ಬರೆದಿರುತ್ತಿತ್ತು. ಬರೆದುಕೊಳ್ಳಲಿ, ಬರೆದರೆ ಗದ್ದೆಯೇನು ಸವೆಯುವುದಿಲ್ಲ ಎಂದು ಅವಳು ಸುಮ್ಮನಿದ್ದಳು.

ಜುಲೈ ಮೂರನೇ ವಾರಕ್ಕೆ ಸಾಲುಗಳು ಕಪ್ಪಾದವು, ಸಾಲಿನ ನಡುವೆಯೂ ಒಳಗೂ ಹಸಿರು ಎದ್ದಿತು. ಅರ್ಧಕ್ಕರ್ಧ ಹಸಿರು. ಅವಳು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ. ಕಳೆ ಕೀಳಲು ಆ ಊರಿನ ಪಾರ್ಬತಾಬಾಯಿಗೆ ಹೇಳಿ ಎಂಟು ಹೆಂಗಸರನ್ನು ಗೊತ್ತು ಮಾಡಿದಳು. ಇನ್ನು ನಾಲ್ಕು ದಿನ ಅನ್ನುವಾಗ ಧಾರವಾಡದಿಂದ ಫೋನ್ ಬಂತು. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅಕ್ಕನಿಗೆ ಹೆಣ್ಣುಮಕ್ಕಳಿಲ್ಲ, ಆಸ್ಪತ್ರೆಯಲ್ಲಿ ಜೊತೆಗಿರುವವರು ಬೇಕಿತ್ತು. ರಾಜೇಶ್ವರಿ ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಹೊರಟಳು.

“ನಾ ಬಂದು ಕೀಳಸ್ತೀನಿ,” ಅಂದಳು ಗಂಡನಿಗೆ, ಸ್ಟೇಷನ್ನಿನಲ್ಲಿ. “ಅಲ್ಲೀತನಕ ಗದ್ದಿಗೆ ಕೈ ಹಚ್ಚಬ್ಯಾಡ್ರಿ. ಬದು ಒಡೀದಂಗ ನೋಡ್ಕೊಂಡ್ರ ಸಾಕು.”

ಹದಿನೈದು ದಿನ ಅಲ್ಲಿದ್ದಳು. ವಿಜಯೇಂದ್ರ ದಿನಾ ಸಂಜೆ ಫೋನ್ ಮಾಡಿದ. ಗದ್ದೆ ಹೇಗಿದೆ ಎಂದರೆ ಎಲ್ಲ ಬರೋಬರ್ ಐತಿ, ನೀ ಕಾಳಜಿ ಬಿಡು ಅನ್ನುತ್ತಿದ್ದ. ಅವನ ದನಿಯಲ್ಲಿ ಒಂದು ಗುಟ್ಟಿನ ಖುಷಿ ಇತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಖುಷಿ ಕೇಳಿದಾಗಲೆಲ್ಲ ಮನೆಯಲ್ಲಿ ಏನಾದರೂ ಒಡೆದಿರುತ್ತಿತ್ತು. ಆದರೆ ಅಕ್ಕನಿಗೆ ಹಾಸಿಗೆಯಲ್ಲೇ ಎಲ್ಲ ಮಾಡಿಸಬೇಕಿದ್ದ ಆ ದಿನಗಳಲ್ಲಿ ಅವಳಿಗೆ ಅದು ಹೊಳೆಯಲಿಲ್ಲ.

ವಾಪಸ್ಸು ಬಂದ ದಿನ ವಿಜಯೇಂದ್ರನೇ ಕಾರು ತಂದು ಸ್ಟೇಷನ್ನಿನಲ್ಲಿ ನಿಂತಿದ್ದ. ಇದೇ ಮೊದಲು. ಚೀಲವನ್ನೂ ಅವನೇ ಹಿಡಿದುಕೊಂಡ. ಮನೆಗೆ ಆಮೇಲೆ ಹೋಗೋಣ, ಮೊದಲು ಗದ್ದೆ ನೋಡು ಎಂದು ಸೀದಾ ಉಮರೇಡ್ ರಸ್ತೆ ಹಿಡಿದ. ದಾರಿಯಲ್ಲಿ ಚಹಾ ಕುಡಿಸಿದ. ಗದ್ದೆಯ ಹತ್ತಿರ ಕಾರು ನಿಲ್ಲಿಸಿ, ಪರದೆ ಸರಿಸುವವನ ಹಾಗೆ ಕೈ ಮಾಡಿ ತೋರಿಸಿದ.

ಗದ್ದೆ ಹಸಿರಾಗಿತ್ತು. ಈ ಬದುವಿನಿಂದ ಆ ಬದುವಿನವರೆಗೂ ಕಣ್ಣಿಗೆ ತಂಪಾಗುವ ಹಸಿರು. ತೆಂಡೆ ಒಡೆದು, ತುಂಬಿಕೊಂಡು, ಗಾಳಿಗೆ ಬಳುಕುತ್ತಿತ್ತು. ಯೂರಿಯಾ ತಿಂದ ಹಸಿರು ಅದು ಎಂದು ನೋಡಿದ ತಕ್ಷಣ ಗೊತ್ತಾಗುವಂತಿತ್ತು. ಇಡೀ ಗದ್ದೆಯಲ್ಲಿ ಕಪ್ಪು ಎಲೆ ಒಂದೂ ಕಾಣಲಿಲ್ಲ.

“ಕರೇದೆಲ್ಲಿ?” ಅಂದಳು ರಾಜೇಶ್ವರಿ.

“ಅದೊಂದು ದೊಡ್ಡ ಕತಿ,” ಅಂದ ವಿಜಯೇಂದ್ರ, ನಗುತ್ತಾ.

ಕತೆಯನ್ನು ಅವನು ಹೆಮ್ಮೆಯಿಂದಲೇ ಹೇಳಿದ. ಅವಳು ಹೋದ ಮೂರನೇ ದಿನ ಪಕ್ಕದ ಗದ್ದೆಯವರು ಇದೇನು, ನಿಮ್ಮ ಬೆಳೆ ಸುಟ್ಟು ಹೋಗಿದೆಯಲ್ಲ ಎಂದು ನಕ್ಕರಂತೆ. ನಂದೀಶ ಎಲೆಯ ಫೋಟೋ ತೆಗೆದು ಮೊಬೈಲಿನ ಆ್ಯಪ್‌ಗೆ ತೋರಿಸಿದನಂತೆ. ಎಲೆ ನೇರಳೆ ಬಣ್ಣಕ್ಕೆ ತಿರುಗಿದ್ದರೆ ರಂಜಕದ ಕೊರತೆ, ಶೇಕಡಾ ತೊಂಬತ್ತೆರಡು ಖಚಿತ ಎಂದು ಮೊಬೈಲು ಹೇಳಿತಂತೆ. ಎರಡು ಚೀಲ ಡಿಎಪಿ ಗೊಬ್ಬರ ಎರಚಿಸಿದರು. ವಾರವಾದರೂ ಕಪ್ಪು ಹಸಿರಾಗಲಿಲ್ಲ. ಗೊಬ್ಬರದ ಅಂಗಡಿಯವನು, ಹಾಗಾದರೆ ಇದು ರೋಗವೇ ಇರಬೇಕು, ಕಿತ್ತು ಹಾಕಿ, ಇಲ್ಲದಿದ್ದರೆ ಚೆನ್ನಾಗಿರುವ ಹಸಿರಿಗೂ ಅಂಟುತ್ತದೆ ಅಂದ. ಅವಳೇ ಗೊತ್ತು ಮಾಡಿಟ್ಟಿದ್ದ ಎಂಟು ಹೆಂಗಸರನ್ನು ಇಳಿಸಿ ಎರಡು ದಿನದಲ್ಲಿ ಕರಿಯದನ್ನೆಲ್ಲ ಕೀಳಿಸಿದರು. ಹಸಿರಿಗೆ ಎರಡು ಚೀಲ ಯೂರಿಯಾ ಕೊಟ್ಟರು. ಈಗ ನೋಡು.

ಅಲ್ಲ, ಬೇರೆಯವರಿಗೆ ಗೊತ್ತಿರಲಿಲ್ಲ, ಬಿಡಿ. ಅಂಗಡಿಯವನಿಗೆ ಗೊತ್ತಿರಲಿಲ್ಲ, ಮೊಬೈಲಿಗೆ ಗೊತ್ತಿರಲಿಲ್ಲ. ಮೂರು ಸಲ ಎದುರಿಗೆ ಕೂತು ಹೇಳಿಸಿಕೊಂಡವನಿಗೂ ಗೊತ್ತಿರಲಿಲ್ಲವೇ? ರಾಜೇಶ್ವರಿ ಗದ್ದೆಯಿಂದ ಕಣ್ಣು ತೆಗೆದು ಗಂಡನ ಕಡೆ ತಿರುಗಿದಳು.

“ನಾ ಹೇಳಿದ್ದು ನೆನಪೈತೋ ಇಲ್ಲೋ?”

ವಿಜಯೇಂದ್ರನ ನಗು ಸ್ವಲ್ಪ ಕುಂದಿತು. “ಏನೋ ಹೇಳಿದ್ದಿ ಖರೆ. ತವರುಮನಿ ಮಾತು ಅಂತ ತಿಳ್ಕೊಂಡೆ. ಹಿಂಗಂತ ನಮಗ ಗೊತ್ತಿರಲಿಲ್ಲ.”

“ಕಿತ್ತಿದ್ದನ್ನ ಎಲ್ಲಿ ಒಗದ್ರಿ?”

ದೂರದ ಬದುವಿನ ಮೇಲೆ ರಾಶಿ ಹಾಕಿದ್ದರು. ಕಿತ್ತು ನಾಲ್ಕು ದಿನವಾಗಿತ್ತು. ರಾಜೇಶ್ವರಿ ಪ್ರಯಾಣದ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ ಕೆಸರಿನಲ್ಲೇ ನಡೆದು ಹೋದಳು. ರಾಶಿಯ ಮೇಲಿನದೆಲ್ಲ ಒಣಗಿ ಸುರುಟಿತ್ತು, ನಡುವಿನದು ಬೆವೆತು ಕೊಳೆತಿತ್ತು. ತಳದಲ್ಲಿ, ಬದುವಿನ ಒದ್ದೆ ಮಣ್ಣಿಗೆ ತಾಗಿಕೊಂಡಿದ್ದ ಕಡೆ ಮಾತ್ರ ಬೇರು ಬೆಳ್ಳಗಿತ್ತು. ಅವಳು ಒಂದೊಂದೇ ಎಳೆದು, ಜೀವ ಇದ್ದದ್ದನ್ನು ಪಕ್ಕಕ್ಕಿಡತೊಡಗಿದಳು. ಪಾರ್ಬತಾಬಾಯಿ ತನ್ನ ಗದ್ದೆಯಿಂದ ಅವಳನ್ನು ಕಂಡು ಓಡಿ ಬಂದಳು. ಇದು ಭತ್ತವೇ, ರೋಗ ಅಲ್ಲ, ಬೇರು ನೋಡಿದರೆ ಗೊತ್ತಾಗುತ್ತದೆ ಎಂದು ನಾನು ಸಾಹೇಬರಿಗೆ ಹೇಳಿದ್ದೆ, ಹೇಳಿದಷ್ಟು ಮಾಡು, ಜಾಸ್ತಿ ಬುದ್ಧಿ ಓಡಿಸಬೇಡ ಎಂದು ಅವರು ಅಂದರು ಎಂದು ಮರಾಠಿಯಲ್ಲಿ ಅಳುಮುಖ ಮಾಡಿಕೊಂಡು ಹೇಳಿದಳು. ವಿಜಯೇಂದ್ರ ರಸ್ತೆಯ ಮೇಲೆ ಕಾರಿಗೆ ಒರಗಿ ನಿಂತಿದ್ದ.

ಇಬ್ಬರು ಹೆಂಗಸರೂ ಸೇರಿ ಮಧ್ಯಾಹ್ನದ ಹೊತ್ತಿಗೆ ಒಂದು ಮೂಲೆಯನ್ನು ಹಸನು ಮಾಡಿ, ಬದುಕಿದ್ದ ಸಸಿಗಳನ್ನು ಅಲ್ಲಿ ನೆಟ್ಟರು. ಮನೆಯ ಪಡಸಾಲೆಯಷ್ಟು ಜಾಗ. ಎರಡೂವರೆ ಎಕರೆಯ ಬೀಜದಲ್ಲಿ ಉಳಿದದ್ದು ಅಷ್ಟು.

ಆ ರಾತ್ರಿ ಊಟಕ್ಕೆ ರಾಜೇಶ್ವರಿ ಎಲ್ಲರಿಗೂ ಬಡಿಸಿದಳು. ಬಡಿಸಿ, ತಾನು ಕೂರದೆ ಗೋಡೆಗೆ ಒರಗಿ ನಿಂತಳು. ವಿಜಯೇಂದ್ರ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ನಂದೀಶ, ಅವ್ವಾ, ಆ ಆ್ಯಪ್ ಕೃಷಿ ಇಲಾಖೆಯವರೇ ಮಾಡಿದ್ದು, ಲಕ್ಷಗಟ್ಟಲೆ ಜನ ಬಳಸುತ್ತಾರೆ ಎಂದು ಶುರು ಮಾಡಿದ. ತೊಂಬತ್ತೆರಡು ಪರ್ಸೆಂಟ್ ಎಂದು ಮತ್ತೆ ಹೇಳಿದ.

“ಆ ಆ್ಯಪ್‌ಗೆ ಬಿತ್ತಿದ ಬೀಜ ಯಾವುದು ಅಂತ ಹೇಳಿದ್ರಾ?” ಎಂದು ಸುಮೇಧಾ ಕೇಳಿದಳು. “ನಮ್ ಲ್ಯಾಬಲ್ಲಿ ಪೇಶೆಂಟ್ ಯಾರು ಅಂತ ಕೇಳದೆ ರಿಪೋರ್ಟ್ ಕೊಡಲ್ಲ.”

“ನೀ ಸುಮ್ನಿರು. ಹೊಲದ ವಿಷಯ ನಿನಗೇನ್ ಗೊತ್ತು?” ಅಂದ ನಂದೀಶ.

“ಗೊತ್ತಿಲ್ಲ. ಅದಕ್ಕೇ ಅತ್ತೆಗೊಂದು ಫೋನ್ ಮಾಡಿ ಅಂದೆ. ಅವತ್ತೂ ಇದೇ ಮಾತು ಅಂದ್ರಿ.” ಸುಮೇಧಾ ಅತ್ತೆಯ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು. “ನಾನಾದ್ರೂ ಮಾಡ್ಬೇಕಿತ್ತು ಅತ್ತೆ. ಆಸ್ಪತ್ರೆಯಲ್ಲಿರೋರಿಗೆ ತೊಂದರೆ ಕೊಡ್ಬೇಡ ಅಂತ ಮಾವ ಅಂದ್ರು. ಸುಮ್ಮನಾದೆ.”

ರಾಜೇಶ್ವರಿಗೆ ಸೊಸೆಯ ಮೇಲೂ ಸಿಟ್ಟು ಬಂತು, ಆದರೆ ನಿಲ್ಲಲಿಲ್ಲ. “ನಾನೂ ಮೂವತ್ತೈದು ವರ್ಷ ಸುಮ್ಮನ ಆದಾಕೀನ,” ಅಂದಳು. “ಅದರ ಫಲ ಇದು.”

ವಿಜಯೇಂದ್ರ ಕೈ ತೊಳೆದು ಬಂದು, ಆದದ್ದು ಆಯಿತು, ಒಂದು ಹಂಗಾಮು ಹೋದರೆ ಪ್ರಪಂಚ ಮುಳುಗುವುದಿಲ್ಲ ಅಂದ. ಹಂಗಾಮು ಹೋದದ್ದಷ್ಟೇ ಆಗಿದ್ದರೆ ಅವಳೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಗದ್ದೆಯ ತುಂಬ ನಿಂತಿರುವ ಆ ಹಸಿರು ಸೆಪ್ಟೆಂಬರಿಗೆ ತೆನೆ ಬಿಡುತ್ತದೆ. ಮೊದಲೇ ಗೊಬ್ಬರ ತಿಂದು ಕೊಬ್ಬಿದ ಕಾಡುಭತ್ತ. ಅದರ ಕಾಳು ಉದುರಿತೆಂದರೆ ಆ ಭೂಮಿಯಲ್ಲಿ ಗುತ್ತಿಗೆ ಮುಗಿಯುವವರೆಗೂ ಭತ್ತ ಬೆಳೆಯುವ ಮಾತೇ ಇಲ್ಲ. ಬೀಜ ವಾಪಸ್ಸು ಕೊಡುವ ಮಾತೂ ಇಲ್ಲ. ತೆನೆ ಬರುವ ಮೊದಲು ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಕಟ್ಟಿಸಿ ಇಡೀ ಹಸಿರನ್ನು ಕೆಸರಿಗೆ ತುಳಿಸಬೇಕು, ಅದಾದರೂ ಮಣ್ಣಿಗೆ ಗೊಬ್ಬರವಾಗುತ್ತದೆ, ಹಿಂಗಾರಿಗೆ ಕಡಲೆ ಹಾಕಬಹುದು ಎಂದು ಅವಳು ಹೇಳಿದಳು. ಈ ಸಲ ಟಿವಿಯ ಮುಂದೆ ಅಡ್ಡ ನಿಂತು ಹೇಳಿದಳು.

ವಿಜಯೇಂದ್ರ ಒಪ್ಪಲಿಲ್ಲ. ಕಾರಣ ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ಆಗಸ್ಟ್ ಕೊನೆಯ ಭಾನುವಾರ ಸಂಘದ ನಿವೃತ್ತರು ಮೂವತ್ತು ಜನ ಮಿನಿಬಸ್ಸು ಮಾಡಿಕೊಂಡು ಗದ್ದೆ ನೋಡಲು ಬರುವವರಿದ್ದರು. ಹಸಿರು ಗದ್ದೆಯ ಫೋಟೋ ಆಗಲೇ ಗ್ರೂಪಿನಲ್ಲಿ ಹಾಕಿಯಾಗಿತ್ತು. ರೋಗ ಬಂದಿತ್ತು, ತಾನು ಹೇಗೆ ಪತ್ತೆ ಹಚ್ಚಿ ಬೆಳೆ ಉಳಿಸಿದೆ ಎಂದು ಉದ್ದಕ್ಕೆ ಬರೆದೂ ಆಗಿತ್ತು. ಇಪ್ಪತ್ತಾರು ಜನ ಚಪ್ಪಾಳೆ ಹಾಕಿದ್ದರು.

“ಅವ್ರು ಬಂದು ಹೋಗ್ಲಿ. ಆಮ್ಯಾಲ ಏನಾರ ಮಾಡ್ಕೋ,” ಅಂದ.

“ಆಮ್ಯಾಲ ಅಂದ್ರ ತೆನಿ ಬರ್ತಾವ.”

“ಗುತ್ತಿಗಿ ನನ್ನ ಹೆಸರಿನಾಗ ಐತಿ, ರಾಜಿ.”

“ಬೀಜ ನನ್ನ ಹೆಸರಿನಾಗ ಇತ್ತು,” ಅಂದಳು ರಾಜೇಶ್ವರಿ. ಅವನು ಟಿವಿಯ ದನಿ ಜಾಸ್ತಿ ಮಾಡಿದ.

ಮುಂದಿನ ಎರಡು ವಾರ ಮನೆಯಲ್ಲಿ ಮಾತು ಅಷ್ಟಕ್ಕಷ್ಟೇ ಆಯಿತು. ಚಹಾ ಟೇಬಲ್ಲಿಗೆ ಬರುತ್ತಿತ್ತು, ಜೊತೆಗೆ ಯಾರೂ ಕೂರುತ್ತಿರಲಿಲ್ಲ. ಅಣ್ಣ ಫೋನ್ ಮಾಡಿ ಬೆಳೆ ಹೇಗಿದೆ ಎಂದು ಕೇಳಿದಾಗ ರಾಜೇಶ್ವರಿ ಸುಳ್ಳು ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಣ್ಣ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಮೂಲೆಯದನ್ನಾದರೂ ಕಾಯವ್ವಾ ಅಂದ. ಅವಳು ಬಸ್ಸು ಹತ್ತಿ ಹೋಗಿ ಕಾದಳು. ಬುಡದಲ್ಲಿ ಮತ್ತೆ ಎದ್ದ ಹಸಿರನ್ನು ಕಿತ್ತು, ನೀರು ಬಸಿದು, ಹಿಡಿ ಹಿಡಿ ಯೂರಿಯಾ ಕೊಟ್ಟಳು. ಸುಮೇಧಾ ತನ್ನ ರಜೆಯ ದಿನ ಜೊತೆಗೆ ಬಂದಳು. ಹೇಗೆ ಕೀಳಬೇಕೆಂದು ಕೇಳಿ ಕಲಿತಳು. ಮಗ ಬರಲಿಲ್ಲ. ಬರುತ್ತೇನೆ ಎಂದು ಎರಡು ಸಲ ಹೇಳಿದ್ದ.

ಸಂಘದವರು ಬರುವ ನಾಲ್ಕು ದಿನ ಮುಂಚೆ ಅವಳು ಹಸಿರಿನೊಳಗೆ ಇಳಿದು ಒಂದು ಕಡ್ಡಿ ಕಿತ್ತು ಉಗುರಿನಿಂದ ಸೀಳಿ ನೋಡಿದಳು. ಒಳಗೆ ಹತ್ತಿಯ ಎಳೆಯಷ್ಟು ಎಳಸು ತೆನೆ ಮಲಗಿತ್ತು. ಹೊಡೆ ಕಟ್ಟಿಯಾಗಿತ್ತು. ಇನ್ನು ಕಾದರೆ ಮುಗಿಯಿತು.

ಮನೆಗೆ ಬಂದಾಗ ವಿಜಯೇಂದ್ರ ಊಟದ ಪಟ್ಟಿ ಬರೆದು ಇಟ್ಟಿದ್ದ. ಮೂವತ್ತು ಜನಕ್ಕೆ ಖಡಕ್ ರೊಟ್ಟಿ, ಝುಣಕ, ಎಣಗಾಯಿ, ಶೇಂಗಾ ಹಿಂಡಿ. ಬಂದವರ ಮುಂದೆ ಬೀಜದ ವಿಷಯ ಎತ್ತಬೇಡ, ಕೇಳಿದರೆ ರೋಗ ಇತ್ತು ಅನ್ನು ಎಂದ. ಅವಳು ಪಟ್ಟಿ ಓದಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಗಲಿ ಅಂದಳೋ ಇಲ್ಲವೋ ಎಂದು ವಿಜಯೇಂದ್ರ ಗಮನಿಸಲೂ ಇಲ್ಲ. ಎಂದೂ ಗಮನಿಸಿದವನಲ್ಲವಲ್ಲ.

ಅಡುಗೆ ಮಾಡಿದಳು. ಬರುವವರೇನು ತಪ್ಪು ಮಾಡಿದ್ದಾರೆ, ಅವರು ಉಣ್ಣಲಿ. ಶನಿವಾರವೆಲ್ಲ ಅತ್ತೆ ಸೊಸೆ ರೊಟ್ಟಿ ಬಡಿದರು. ಬಡಿಯುತ್ತಾ ಬಡಿಯುತ್ತಾ ರಾಜೇಶ್ವರಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಪಾರ್ಬತಾಬಾಯಿಯ ಹತ್ತಿರ ಮಾತಾಡಿದಳು. ಪಾರ್ಬತಾಬಾಯಿಯ ಅಳಿಯನದೊಂದು ಟ್ರ್ಯಾಕ್ಟರಿತ್ತು.

ಭಾನುವಾರ ಬಸ್ಸು ಹನ್ನೊಂದಕ್ಕೆ ಬರುವುದಿತ್ತು. ಮನೆಯವರು ಒಂಬತ್ತೂವರೆಗೇ ಗದ್ದೆಯಲ್ಲಿದ್ದರು. ವಿಜಯೇಂದ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ನಂದೀಶ ಬೇವಿನ ಮರದ ಕೆಳಗೆ ಕುರ್ಚಿ ಹಾಕುತ್ತಿದ್ದ. ಹತ್ತು ಗಂಟೆಗೆ ಕಬ್ಬಿಣದ ಗಾಲಿ ಕಟ್ಟಿದ ಟ್ರ್ಯಾಕ್ಟರು ಗಡಗಡ ಬಂದು ಬದುವಿನ ಬಾಯಿಗೆ ನಿಂತಿತು.

“ಯಾವುದಿದು?” ಅಂದ ವಿಜಯೇಂದ್ರ.

“ನಾ ಕರಸಿದ್ದು,” ಅಂದಳು ರಾಜೇಶ್ವರಿ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಮುಖ ಕೆಂಪಾಯಿತು. ಜನ ಬರುವ ಹೊತ್ತಿಗೆ ಮರ್ಯಾದೆ ಕಳೆಯುತ್ತೀಯಾ, ತಲೆ ಕೆಟ್ಟಿದೆಯಾ, ನಿಂತ ಬೆಳೆಯನ್ನು ತುಳಿಸುತ್ತೀಯಾ ಎಂದು ಒಂದೇ ಉಸಿರಿಗೆ ಕೂಗಾಡಿದ. ಕರೆಸಿದವಳು ರಾಜೇಶ್ವರಿ, ಬಾಡಿಗೆ ಮಾತಾಡಿದವಳು ರಾಜೇಶ್ವರಿ, ಆದರೆ ಟ್ರ್ಯಾಕ್ಟರಿನವನು ಇಂಜಿನ್ ಆರಿಸಿ ಅಪ್ಪಣೆಗಾಗಿ ನೋಡಿದ್ದು ವಿಜಯೇಂದ್ರನ ಮುಖವನ್ನು. ಅದನ್ನು ಕಂಡು ಅವಳ ಸಿಟ್ಟು ಇನ್ನೂ ಒಂದು ಮೆಟ್ಟಿಲು ಏರಿತು. ಅವಳು ಗಂಡನ ಕೈ ಹಿಡಿದು ಬದುವಿನ ಅಂಚಿಗೆ ಕರೆದೊಯ್ದಳು. ಒಂದು ಹಸಿರು ಕಡ್ಡಿ ಕಿತ್ತು ಅವನ ಅಂಗೈಯಲ್ಲಿಟ್ಟು ಸೀಳಿದಳು.

“ಇದು ತೆನಿ. ಇನ್ನ ಹದಿನೈದು ದಿನಕ್ಕ ಮೀಸಿ ಬಿಡ್ತೈತಿ. ತಿಂಗಳಿಗೆ ಉದುರ್ತೈತಿ. ಹೋದ ವರ್ಷ ನೀವ ನೋಡೀರಿ.” ಅವಳ ದನಿ ಏರಲಿಲ್ಲ. “ಕಿತ್ತಿದ್ದು ಬೆಳಿ, ಬಿಟ್ಟಿದ್ದು ಕಳಿ. ಕಳಿ ತೋರ್ಸಿ ಚಪ್ಪಾಳಿ ಹೊಡಸ್ಕೋತೀರೇನು? ಹೊಡಸ್ಕೋರಿ. ಊಟಕ್ಕ ಕೂಡೋ ಮುಂದ ಎಲ್ಲರಿಗೂ ಇದನ್ನ ಹಿಂಗ ಸೀಳಿ ತೋರಸ್ತೀನಿ ನಾನು.”

ವಿಜಯೇಂದ್ರ ಅಂಗೈಯನ್ನೇ ನೋಡಿದ. ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಬೆರಳಿನಿಂದ ಸವರಿ ಹುಡುಕಿದವನು. ಆ ಎಳಸು ತೆನೆಯ ತುದಿಯಲ್ಲಿ ಮೀಸೆಯ ಕುರುಹು ಆಗಲೇ ಇತ್ತು. ಅವನಿಗೆ ಅದು ಕಂಡಿತು. ಕಂಡಿತೆಂಬುದು ರಾಜೇಶ್ವರಿಗೂ ಗೊತ್ತಾಯಿತು. ಆದರೂ ಹೌದು ಎಂಬ ಮಾತು ಆ ಬಾಯಿಂದ ಬರಲಿಲ್ಲ. ನಂದೀಶ ಕುರ್ಚಿ ಹಿಡಿದುಕೊಂಡೇ ಹತ್ತಿರ ಬಂದು ನೋಡಿದ. ಮೊಬೈಲು ಜೇಬಿನಲ್ಲೇ ಉಳಿಯಿತು.

ರಾಜೇಶ್ವರಿ ಟ್ರ್ಯಾಕ್ಟರಿನವನ ಕಡೆ ತಿರುಗಿ ಮರಾಠಿಯಲ್ಲಿ ನಡೆಸು ಅಂದಳು. ಅವನು ಮತ್ತೆ ಸಾಹೇಬರ ಕಡೆ ಕಣ್ಣು ಹಾಯಿಸಿದಾಗ, ಅಲ್ಲೇನು ನೋಡುತ್ತೀ, ಇಲ್ಲಿ ನೋಡು ಅಂದಳು. ಅವನು ಇಂಜಿನ್ ಶುರು ಮಾಡಿದ. ಗಾಲಿ ಹಸಿರಿಗೆ ಇಳಿಯ ಹೊರಟಾಗ ಅವಳೇ ತಡೆದಳು. ಆ ಕೊನೆಯಲ್ಲಿ ತಿರುಗಿಸುವಾಗ ಮೂಲೆಯ ಕರಿ ಭತ್ತಕ್ಕೆ ಗಾಲಿ ಹತ್ತುವ ಸಂಭವವಿತ್ತು. ಗುರುತಿಗೆ ಅಲ್ಲಿ ಏನಾದರೂ ಎತ್ತರದ್ದು ಬೇಕಿತ್ತು.

“ನೀವು ಅಲ್ಲಿ ನಿಲ್ರಿ,” ಅಂದಳು ಗಂಡನಿಗೆ.

“ನಾನು?”

“ಮತ್ತ್ಯಾರು? ನಿಮ್ಮನ್ನ ನೋಡೇ ಅಂವ ಗಾಡಿ ನಿಲ್ಲಸ್ತಾನ. ನಿಲ್ರಿ ಹೋಗಿ.”

ಅವನು ನಿಂತೇ ಇದ್ದ. ಅವಳೂ ಕಣ್ಣು ತೆಗೆಯದೆ ನಿಂತಳು. ಸುಮೇಧಾ ಆಗಲೇ ಚಪ್ಪಲಿ ಬಿಟ್ಟು ಮೂಲೆಯ ಒಂದು ಕೊನೆಗೆ ಹೋಗಿ ನಿಂತಿದ್ದಳು. ಕೊನೆಗೆ ವಿಜಯೇಂದ್ರ ಬದುವಿನ ಮೇಲೆ ಕೂತು ಬೂಟು ಬಿಚ್ಚಿದ, ಸಾಕ್ಸು ಬಿಚ್ಚಿ ಬೂಟಿನೊಳಗೆ ತುರುಕಿದ, ಪ್ಯಾಂಟು ಮಡಿಚಿದ. ಗುತ್ತಿಗೆ ಹಿಡಿದ ಎರಡು ವರ್ಷದಲ್ಲಿ ಮೊದಲ ಸಲ ತನ್ನ ಗದ್ದೆಗೆ ಇಳಿದ. ಮೊಣಕಾಲವರೆಗೂ ಹೂತುಕೊಂಡು, ತೂಗಾಡುತ್ತಾ, ಬಿಳಿ ಅಂಗಿಗೆ ಕೆಸರು ಸಿಡಿಸಿಕೊಂಡು ಮೂಲೆಯನ್ನು ಮುಟ್ಟಿದ.

ಟ್ರ್ಯಾಕ್ಟರು ನಾಲ್ಕನೇ ಸುತ್ತಿನಲ್ಲಿದ್ದಾಗ ಮಿನಿಬಸ್ಸು ಬಂತು. ಅರ್ಧ ಗದ್ದೆ ಆಗಲೇ ಕರಿ ಕೆಸರಾಗಿತ್ತು. ನಿವೃತ್ತರು ಒಬ್ಬೊಬ್ಬರಾಗಿ ಇಳಿದು ಬದುವಿನ ಮೇಲೆ ಸಾಲಾಗಿ ನಿಂತರು. ಫೋಟೋದಲ್ಲಿ ಕಂಡ ಹಸಿರನ್ನು ಹುಡುಕಿದರು. ಅವರಲ್ಲೊಬ್ಬರು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು. “ವಿಜಯೇಂದ್ರ, ಅಲ್ಲೇನ್ ಮಾಡಾಕತ್ತಿ?”

ವಿಜಯೇಂದ್ರ ಅವರ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ. ಬಾಯಿ ತೆರೆದರೆ ಅವನೇ ತೆರೆಯಬೇಕಿತ್ತು.

“ಭತ್ತ ಕಾಯಾಕತ್ತೀನಿ,” ಅಂದ ವಿಜಯೇಂದ್ರ, ತನ್ನ ಪಕ್ಕದ ಕರಿ ಎಲೆಗಳ ಕಡೆ ಕೈ ತೋರಿಸಿ. “ನಮ್ಮಾಕೀದು. ಉಳಿದಿದ್ದು ಇಷ್ಟ.”

ಟ್ರ್ಯಾಕ್ಟರು ಅವನನ್ನು ಬಳಸಿಕೊಂಡು ತಿರುಗಿ ಹೋಯಿತು. ರಾಜೇಶ್ವರಿ ಅವನ ಕಾಲ ಕಡೆಗೇ ನೋಡುತ್ತಿದ್ದಳು.

“ಎಡಗಾಲ ಎತ್ತರಿ,” ಅಂದಳು. “ಒಂದು ಗಿಡ ತುಳದೀರಿ.”

ಅವನು ಬಗ್ಗಿ ನೋಡಿ ಕಾಲೆತ್ತಿದ.